ಟೈಲ್ಸ್ ಸಂದಿಗೆ ತೇಜಾಬ್ ಬೇಡ: ಗ್ರೌಟ್ ತೊಳೆಯುವ, ಕಾಪಾಡುವ, ಹೊಸದಾಗಿ ತುಂಬುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ದೀಪಾವಳಿ ಹತ್ತಿರ ಬಂದರೆ ಗಲ್ಲಿ ಗಲ್ಲಿಯಲ್ಲೂ ಎರಡು ವಾಸನೆ. ಒಂದು ಹೊಸ ಬಣ್ಣದ್ದು. ಇನ್ನೊಂದು ಬಚ್ಚಲುಮನೆಯಿಂದ ಬರುವ, ಮೂಗು ಉರಿಸುವ ತೇಜಾಬಿನದ್ದು. ಆಸಿಡ್‌ಗೆ ನಮ್ಮ ಕಡೆ ಹಿರಿಯರು ಇವತ್ತಿಗೂ ತೇಜಾಬ್ ಅಂತಲೇ ಅನ್ನುತ್ತಾರೆ. ಟೈಲ್ಸ್ ಸಂದಿ ಕಪ್ಪಾಗಿದೆಯಾ? ಒಂದು ಬಾಟಲಿ ತಂದು ಸುರಿ, ಕಸಬರಿಗೆಯಿಂದ ಉಜ್ಜು, ಮುಗಿಯಿತು. ನಮ್ಮ ಮನೆಯಲ್ಲೂ ಮೂರು ದೀಪಾವಳಿ ಹೀಗೇ ಮಾಡಿದೆವು.

ಮೊದಲ ವರ್ಷ ಸಂದಿ ಹಾಲಿನಂತೆ ಬೆಳ್ಳಗಾಯಿತು. ಎರಡನೇ ವರ್ಷ ಆರು ತಿಂಗಳಿಗೇ ಮತ್ತೆ ಕಪ್ಪಾಯಿತು. ಮೂರನೇ ವರ್ಷ ಬೆರಳು ಆಡಿಸಿದರೆ ಸಂದಿಯಿಂದ ಸಣ್ಣ ಉಸುಕು ಉದುರತೊಡಗಿತು. ಆಮೇಲೆ ಬಚ್ಚಲಿನ ಆಚೆ ಬದಿಯ ಗೋಡೆ ತೇವ ಹಿಡಿದು, ಬಣ್ಣ ಉಬ್ಬಿ ಸಿಪ್ಪೆಯಂತೆ ಎದ್ದಿತು. ನೋಡಲು ಬಂದ ಗೌಂಡಿ ಸಂದಿಯನ್ನು ಉಗುರಿನಿಂದ ಕೆರೆದು, "ತೊಳೆದು ತೊಳೆದೇ ಹಾಳು ಮಾಡ್ಕೊಂಡೀರಿ" ಎಂದರು. ಆ ಮಾತು ನನಗೆ ನಾಟಿತು. ಅಂದಿನಿಂದ ನಮ್ಮ ಮನೆಯ ಅಡುಗೆಮನೆ, ಎರಡು ಬಚ್ಚಲು, ಹಿತ್ತಲಿನ ಫರಸಿ (ಹಾಸುಗಲ್ಲು) ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಏನು ಮಾಡಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲವೂ ಒಂದೇ ಕಲ್ಲಿನ ಮಕ್ಕಳು

ಎರಡು ಟೈಲ್ಸ್ ನಡುವಿನ ಸಂದಿಯಲ್ಲಿ ತುಂಬಿರುತ್ತದಲ್ಲ, ಅದೇ ಗ್ರೌಟ್. ಸಾಮಾನ್ಯ ಗ್ರೌಟ್‌ನಲ್ಲಿ ಸಿಮೆಂಟ್, ನುಣ್ಣನೆಯ ಪುಡಿ ಅಥವಾ ಉಸುಕು, ಬಣ್ಣ ಮತ್ತು ಸ್ವಲ್ಪ ಪಾಲಿಮರ್ ಇರುತ್ತದೆ. ಹಳೆ ಮನೆಗಳಲ್ಲಿ ಬರೀ ಬಿಳಿ ಸಿಮೆಂಟ್ ತುಂಬಿರುತ್ತಾರೆ. ಸಿಮೆಂಟ್ ಆಗುವುದು ಸುಣ್ಣದ ಕಲ್ಲಿನಿಂದ. ವಾಡಿ, ಸೇಡಂ, ಮಳಖೇಡ ಕಡೆ ಅಷ್ಟು ಸಿಮೆಂಟ್ ಕಾರ್ಖಾನೆಗಳು ಬಂದಿರುವುದೇ ಅಲ್ಲಿನ ನೆಲದಡಿ ಈ ಕಲ್ಲು ಇರುವುದರಿಂದ. ನಮ್ಮ ಅಂಗಳದ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಅಂಥ ಕಲ್ಲಿನ ಪದರಗಳ ನಡುವೆ ಹಾದು ಬರುವ ಬೋರ್ ನೀರು ಗಡಸಾಗಿರುತ್ತದೆ. ಆ ನೀರು ಆರಿದ ಮೇಲೆ ನಲ್ಲಿಯ ಸುತ್ತ ಉಳಿಯುವ ಬಿಳಿ ಪೊರೆಯಲ್ಲೂ ಹೆಚ್ಚಾಗಿ ಇರುವುದು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಹೀಗಾಗಿ ಬಿಳಿ ಪೊರೆಯನ್ನು ಕರಗಿಸುವ ತೇಜಾಬ್ ಗ್ರೌಟನ್ನೂ ಕರಗಿಸುತ್ತದೆ, ಫರಸಿಯನ್ನೂ ಕರಗಿಸುತ್ತದೆ. ಕೊಳೆ ಯಾವುದು, ಸಂದಿ ಯಾವುದು ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಸುರಿದ ತಕ್ಷಣ ಬರುವ ನೊರೆ ಬರೀ ಕೊಳೆಯದ್ದಲ್ಲ, ಸಿಮೆಂಟ್ ಕರಗಿ ಹೊರಬರುವ ಗಾಳಿಯ ಗುಳ್ಳೆಯೂ ಹೌದು. ನಂಬಿಕೆ ಬರದಿದ್ದರೆ ಒಡೆದ ಫರಸಿ ಚೂರಿನ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆ ಏಳುತ್ತವೆ, ಒರೆಸಿದ ಮೇಲೆ ಆ ಜಾಗದ ಹೊಳಪು ಹೋಗಿರುತ್ತದೆ. ನಿಂಬೆಹಣ್ಣೇ ಇಷ್ಟು ಮಾಡಿದರೆ ತೇಜಾಬ್ ಏನು ಮಾಡೀತು ಅಲ್ವಾ?

ತೇಜಾಬ್ ಹಾಕಿದಾಗ ಕಾಣುವ ಬಿಳುಪು ಗ್ರೌಟ್‌ನ ಮೇಲ್ಪದರ ಹೋಗಿ ಒಳಗಿನದ್ದು ಹೊರಬಿದ್ದದ್ದು. ಆ ಒಳಪದರ ಒರಟು, ಅದರಲ್ಲಿ ತೂತು ಜಾಸ್ತಿ. ಕೊಳೆ ಮೊದಲಿಗಿಂತ ಬೇಗ, ಮೊದಲಿಗಿಂತ ಆಳಕ್ಕೆ ಇಳಿಯುತ್ತದೆ. ಮತ್ತೆ ತೇಜಾಬ್, ಮತ್ತೆ ತೂತು.

ಮೊದಲು ಜೀವದ ಮಾತು

ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎಂದಿಗೂ ಒಟ್ಟಿಗೆ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಚಿಕ್ಕ ಬಚ್ಚಲಿನಲ್ಲಿ, ಬಾಗಿಲು ಹಾಕಿಕೊಂಡಿದ್ದರೆ, ಜೀವಕ್ಕೇ ಅಪಾಯ. ಬೇರೆ ಬೇರೆ ಬಾಟಲಿ ಎಂದ ಮಾತ್ರಕ್ಕೆ ಧೈರ್ಯ ಮಾಡಬೇಡಿ. ಶೌಚಾಲಯ ತೊಳೆಯುವ ದ್ರವಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್ಡೇ. ಬೆಳಗ್ಗೆ ಕಮೋಡ್‌ಗೆ ಅದನ್ನು ಹಾಕಿ, ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಚೆಲ್ಲುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ತಪ್ಪದೆ ಹೇಳಿ. ಅಮೋನಿಯಾ ಇರುವ ಗಾಜು ಒರೆಸುವ ದ್ರವದೊಂದಿಗೂ ಬ್ಲೀಚ್ ಬೆರೆಸಬಾರದು. ತಪ್ಪಿ ಬೆರೆತು ಕಣ್ಣು, ಗಂಟಲು ಉರಿದರೆ ತೊಳೆಯುತ್ತಾ ನಿಲ್ಲಬೇಡಿ. ತಕ್ಷಣ ಹೊರಗೆ ಗಾಳಿಗೆ ಬನ್ನಿ. ಉಸಿರಾಟಕ್ಕೆ ಕಷ್ಟವಾದರೆ ಆಸ್ಪತ್ರೆಗೆ ಹೋಗಿ.

ಏನೇ ಹಚ್ಚುವಾಗಲೂ ರಬ್ಬರ್ ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಗೋಡೆ ಉಜ್ಜುವಾಗ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಕೊಳೆ ಯಾವುದು, ಗುರುತಿಸಿ

ಅರ್ಧ ಕೆಲಸ ಇಲ್ಲಿಯೇ ಇದೆ. ಸಂದಿಯ ಬಣ್ಣ ನೋಡಿ, ಮುಟ್ಟಿ, ಎಲ್ಲಿದೆ ಎಂದು ಗಮನಿಸಿ.

ಅಡುಗೆಮನೆಯಲ್ಲಿ ಒಲೆಯ ಹಿಂದೆ, ಕಟ್ಟೆಯ ಕೆಳಗೆ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ಅದು ಎಣ್ಣೆ ಜಿಡ್ಡು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ, ಜೋಳದ ಹಿಟ್ಟು. ರೊಟ್ಟಿ ತಟ್ಟುವ ಜಾಗದಲ್ಲಿ ಹಾರಿದ ಹಿಟ್ಟು ಜಿಡ್ಡಿನ ಮೇಲೆ ಕೂತು, ನೀರು ತಾಕಿದೊಡನೆ ಅಂಟಾಗಿ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಅದಕ್ಕೇ ರೊಟ್ಟಿ ಮಾಡಿದ ಮೇಲೆ ಮೊದಲು ಒಣ ಕಸಬರಿಗೆಯಿಂದ ಗುಡಿಸಬೇಕು, ಆಮೇಲೆ ಒದ್ದೆ ಅರಿವೆ. ಬಿಸಿನೀರು ನೇರವಾಗಿ ಹಾಕಿದರೆ ಹಿಟ್ಟು ಗಂಜಿಯಾಗಿ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಬಚ್ಚಲಿನ ಮೂಲೆಯಲ್ಲಿ, ಗಾಳಿ ಆಡದ ಕಡೆ ಕಪ್ಪು ಚುಕ್ಕೆ ಚುಕ್ಕೆಯಾಗಿದ್ದರೆ ಅದು ಬೂಷ್ಟು. ನಲ್ಲಿಯ ಕೆಳಗೆ, ಬಕೆಟ್ ಇಡುವ ಜಾಗದಲ್ಲಿ ಬಿಳಿಯಾಗಿ ಗಟ್ಟಿಯಾಗಿ ಕೂತಿದ್ದರೆ ಗಡಸು ನೀರಿನ ಪೊರೆ. ಬಿಳಿಯೇ ಆದರೂ ಒಣ ಬ್ರಷ್‌ಗೆ ಹಿಟ್ಟಿನಂತೆ ಉದುರಿದರೆ ಅದು ಬೇರೆ. ಅದು ಒಳಗಿನ ತೇವ ಹೊರಗೆ ತಂದು ಬಿಟ್ಟ ಉಪ್ಪು. ಕಬ್ಬಿಣದ ಬಕೆಟ್, ಮೊಳೆ, ಸ್ಟ್ಯಾಂಡ್ ಇದ್ದ ಕಡೆ ಕಿತ್ತಳೆ ಕಲೆ ಇದ್ದರೆ ತುಕ್ಕು. ಬೀದರ್ ಕಡೆಯವರ ಮನೆಯಲ್ಲಿ ಬಾಗಿಲ ಬಳಿಯ ಸಂದಿ ಕೆಂಪಾಗಿರುವುದು ಬಹಳ ಸಲ ತುಕ್ಕಲ್ಲ, ಕಾಲಿಗೆ ಅಂಟಿ ಬಂದ ಅಲ್ಲಿನ ಕೆಂಪು ಮಣ್ಣು. ಕಲಬುರಗಿ, ಯಾದಗಿರಿಯಲ್ಲಿ ಅದೇ ಜಾಗ ಎರೆ ಮಣ್ಣಿನಿಂದ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಎರೆ ಮಣ್ಣು ತುಂಬ ನುಣುಪು, ಸಂದಿಯ ಸಣ್ಣ ತೂತಿಗೂ ಇಳಿಯುತ್ತದೆ. ಮಣ್ಣನ್ನು ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ ಗುಡಿಸಿಬಿಡಿ. ಒದ್ದೆ ಇರುವಾಗ ಉಜ್ಜಿದರೆ ಬಣ್ಣ ಬಳಿದಂತೆ ಆಗುತ್ತದೆ.

ಬೇಕಾಗುವ ಸಾಮಾನು

ಜಾಸ್ತಿ ಏನೂ ಇಲ್ಲ. ಗಟ್ಟಿ ನೈಲಾನ್ ಹಲ್ಲಿನ ಸಣ್ಣ ಬ್ರಷ್ ಅಥವಾ ಹಳೆ ಹಲ್ಲುಜ್ಜುವ ಬ್ರಷ್, ಎರಡು ಬಕೆಟ್, ಹತ್ತಿ ಅರಿವೆ, ಸ್ಪಂಜು, ನೀರು ಎಳೆಯುವ ವೈಪರ್. ಕಿರಾಣಿ ಅಂಗಡಿಯ ಅಡುಗೆ ಸೋಡಾ ಮತ್ತು ಬಟ್ಟೆ ಸೋಡಾ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿಯ ಮೇಲೆ ಶೇ. 6 ಎಂದಿದ್ದರೆ ಸಮ ಅಳತೆ ನೀರು ಬೆರೆಸಿ, ಶೇ. 3 ಆಗುತ್ತದೆ. ಅಷ್ಟು ಸಾಕು. ಬಳಸುವ ಹೊತ್ತಿಗೇ ಬೆರೆಸಿ, ಉಳಿದದ್ದನ್ನು ಮುಚ್ಚಿಡಬೇಡಿ.

ಕಬ್ಬಿಣದ ತಂತಿ ಬ್ರಷ್, ಪಾತ್ರೆ ತಿಕ್ಕುವ ತಂತಿ ಉಂಡೆ ಬೇಡ. ಅವು ಗ್ರೌಟ್ ಕೆರೆದು ಹಾಕುತ್ತವೆ. ಮುರಿದು ಒಳಗೆ ಉಳಿದ ಎಳೆ ನಾಲ್ಕು ದಿನಕ್ಕೆ ತುಕ್ಕು ಹಿಡಿದು ಹೊಸ ಕಲೆ ಮಾಡುತ್ತದೆ.

ತೊಳೆಯುವ ಕ್ರಮ

ಒಂದೇ ದಿನ ಇಡೀ ಮನೆ ಹಿಡಿಯಬೇಡಿ. ನಾನು ಒಂದು ಸಲಕ್ಕೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ ಮಾತ್ರ ತೆಗೆದುಕೊಳ್ಳುತ್ತೇನೆ. ನಮ್ಮ ಬಿಸಿಲಿಗೆ ಹಚ್ಚಿದ್ದು ಐದು ನಿಮಿಷಕ್ಕೇ ಒಣಗುತ್ತದೆ. ಒಣಗಿದರೆ ಅದರ ಕೆಲಸ ಅಲ್ಲಿಗೇ ನಿಂತಂತೆ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ ಶುರು ಮಾಡಿ, ಫ್ಯಾನ್ ಆರಿಸಿ.

ಮೊದಲು ಒಣ ಬ್ರಷ್‌ನಿಂದ ಸಂದಿ ಕೆದಕಿ ಗುಡಿಸಿ. ನಂತರ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ಒರೆಸಿ. ಇಷ್ಟಕ್ಕೇ ಎಷ್ಟು ಕೊಳೆ ಹೋಗುತ್ತದೆ ಎಂದು ನೋಡಿ. ಮೊದಲ ಸಲ ಮಾಡುವವರಿಗೆ ಆಶ್ಚರ್ಯವಾಗುತ್ತದೆ.

ಉಳಿದ ಜಿಡ್ಡಿಗೆ ಬಟ್ಟೆ ಸೋಡಾ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಕರಗಿಸಿ ಸಂದಿಗೆ ಹಾಕಿ ಹತ್ತು ನಿಮಿಷ ಬಿಡಿ, ಉಜ್ಜಿ, ಅರಿವೆಯಿಂದ ಎತ್ತಿ. ಬಟ್ಟೆ ಸೋಡಾ ಚರ್ಮ ಒಣಗಿಸುತ್ತದೆ, ಕೈಗವಸು ಮರೆಯಬೇಡಿ. ಅಡುಗೆಮನೆಯಲ್ಲಿ ಅರಿಶಿನ ಬಿದ್ದ ಜಾಗಕ್ಕೆ ಸೋಡಾ ತಾಕಿದರೆ ಹಳದಿ ಕಲೆ ಒಮ್ಮೆಗೇ ಕೆಂಪಾಗುತ್ತದೆ. ಹೆದರಬೇಡಿ, ಕ್ಷಾರಕ್ಕೆ ಅರಿಶಿನ ತೋರಿಸುವ ಬಣ್ಣವೇ ಅದು. ತೊಳೆದು, ಶೇ. 3ರ ಪೆರಾಕ್ಸೈಡ್‌ನಲ್ಲಿ ಅದ್ದಿದ ಹತ್ತಿಯನ್ನು ಅರ್ಧ ಗಂಟೆ ಅದರ ಮೇಲೆ ಇಡಿ. ಕಿಟಕಿ ಬಿಸಿಲು ಬೀಳುವ ಜಾಗವಾದರೆ ಇನ್ನೂ ಒಳ್ಳೆಯದು, ಅರಿಶಿನದ ಬಣ್ಣ ಬಿಸಿಲಿಗೂ ಹಾರುತ್ತದೆ.

ಸಾಮಾನ್ಯ ಕಪ್ಪಿಗೆ ನನ್ನ ಮೆಚ್ಚಿನ ಮದ್ದು ಅಡುಗೆ ಸೋಡಾ ಮತ್ತು ಪೆರಾಕ್ಸೈಡ್. ಮೂರು ಪಾಲು ಸೋಡಾಕ್ಕೆ ಒಂದು ಪಾಲು ಪೆರಾಕ್ಸೈಡ್ ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಸಂದಿಯ ಉದ್ದಕ್ಕೂ ಹಚ್ಚಿ ಹತ್ತರಿಂದ ಹದಿನೈದು ನಿಮಿಷ ಬಿಡಿ. ಒಣಗುತ್ತಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಆಮೇಲೆ ಸಂದಿಯ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. ಶುದ್ಧ ನೀರಿನಿಂದ ಎರಡು ಸಲ ತೊಳೆದು ವೈಪರ್ ಎಳೆದು ಒಣ ಅರಿವೆಯಿಂದ ಒರೆಸಿ. ಕೊನೆಯ ಈ ಒರೆಸುವ ಕೆಲಸ ಬಿಟ್ಟರೆ ಕರಗಿದ ಕೊಳೆ ಅಲ್ಲಿಯೇ ಆರಿ ಮತ್ತೆ ಕೂರುತ್ತದೆ. ತೊಳೆದರೂ ಕಪ್ಪಾಗಿಯೇ ಇದೆ ಎನ್ನುವವರು ಬಹಳ ಮಂದಿ ತಪ್ಪುವುದು ಇಲ್ಲಿಯೇ. ಬಣ್ಣದ ಗ್ರೌಟ್ ಇದ್ದರೆ ಮೊದಲು ಬಾಗಿಲ ಹಿಂದಿನ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ.

ಸೋಡಾ ಮತ್ತು ವಿನೆಗರ್ ಸೇರಿಸಿ ನೊರೆ ಬರಿಸುವುದನ್ನು ಎಲ್ಲರೂ ಹೇಳುತ್ತಾರೆ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪುನೀರಿನಂಥ ದ್ರವ. ನೊರೆ ಚೆಂದ ಕಾಣುತ್ತದೆ, ಕೆಲಸ ಕಡಿಮೆ.

ಬೂಷ್ಟಿಗೂ ಪೆರಾಕ್ಸೈಡ್ ಸಾಕು. ಒದ್ದೆ ಮಾಡಿ ಹದಿನೈದು ನಿಮಿಷ ಬಿಟ್ಟು ಉಜ್ಜಿ. ಆದರೆ ಬೂಷ್ಟಿನ ನಿಜವಾದ ಮದ್ದು ಗಾಳಿ. ಸ್ನಾನ ಆದ ಮೇಲೆ ಗೋಡೆಗೆ ಒಮ್ಮೆ ವೈಪರ್ ಎಳೆದು, ಬಾಗಿಲು ತೆರೆದು ಬಿಟ್ಟರೆ ನಮ್ಮ ಒಣ ಹವೆಯಲ್ಲಿ ಒಂದು ಗಂಟೆಯೊಳಗೆ ಬಚ್ಚಲು ಆರುತ್ತದೆ. ಮಳೆಗಾಲದಲ್ಲಿ ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ.

ತುಕ್ಕಿಗೆ ಬ್ಲೀಚ್ ಹಾಕಬೇಡಿ. ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರಬಹುದು. ತುಕ್ಕು ಆಳಕ್ಕೆ ಇಳಿದಿದ್ದರೆ ಅಷ್ಟು ಸಂದಿ ತೆಗೆದು ಹೊಸದು ತುಂಬುವುದೇ ದಾರಿ.

ಬೋರ್ ನೀರಿನ ಬಿಳಿ ಪೊರೆ

ಇದು ನಮ್ಮ ಜಿಲ್ಲೆಗಳ ದೊಡ್ಡ ಕಾಟ. ಇಲ್ಲಿ ತಾಳ್ಮೆ ಬೇಕು, ಯಾಕೆಂದರೆ ಪೊರೆಯನ್ನು ಕರಗಿಸಿ ಗ್ರೌಟನ್ನು ಬಿಡುವ ದ್ರವ ಇಲ್ಲ. ಸಂದಿಯ ಮೇಲಿನ ಪೊರೆಯನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಅಥವಾ ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಎಬ್ಬಿಸಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಹತ್ತು ನಿಮಿಷ ಹಾಸಿ ಕೆರೆದರೆ ಸ್ವಲ್ಪ ಸುಲಭ.

ಟೈಲ್ಸ್ ಮುಖದ ಮೇಲಿನ ಪೊರೆಗೆ ಮಾತ್ರ ವಿನೆಗರ್ ಬಳಸಬಹುದು. ಅದಕ್ಕೂ ಮೊದಲು ಸುತ್ತಲಿನ ಸಂದಿಗಳಿಗೆ ಚೆನ್ನಾಗಿ ನೀರು ಕುಡಿಸಿ. ನೀರು ಕುಡಿದು ತುಂಬಿದ ಗ್ರೌಟ್ ಆಮ್ಲವನ್ನು ಕಡಿಮೆ ಹೀರುತ್ತದೆ. ವಿನೆಗರ್‌ಗೆ ಸಮ ನೀರು ಬೆರೆಸಿ, ಅರಿವೆಯಲ್ಲಿ ಅದ್ದಿ ಟೈಲ್ಸ್‌ಗೆ ಮಾತ್ರ ಒರೆಸಿ, ಎರಡು ನಿಮಿಷದಲ್ಲಿ ತೊಳೆದುಬಿಡಿ. ಫರಸಿ, ಮಾರ್ಬಲ್ ಇದ್ದರೆ ಇದೂ ಬೇಡ.

ಹಿಟ್ಟಿನಂತೆ ಉದುರುವ ಉಪ್ಪಿಗೆ ನೀರು ಹಾಕಲೇಬೇಡಿ. ಒಣ ಬ್ರಷ್‌ನಿಂದ ಉದುರಿಸಿ ಗುಡಿಸಿ. ನೀರು ಹಾಕಿದರೆ ಉಪ್ಪು ಕರಗಿ ಒಳಗೆ ಹೋಗಿ, ಆರಿದಾಗ ಮತ್ತೆ ಹೊರಬರುತ್ತದೆ. ತಿಂಗಳುಗಟ್ಟಲೆ ಬರುತ್ತಲೇ ಇದ್ದರೆ ಎಲ್ಲೋ ನೀರು ಸೋರುತ್ತಿದೆ ಎಂದರ್ಥ. ಪೈಪ್ ನೋಡಿಸಿ.

ಹಿತ್ತಲಿನ ಫರಸಿ ಸಂದಿ

ಫರಸಿ ಹಾಸಿದ ಅಂಗಳ, ಪಡಸಾಲೆ ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ಬೇಸಿಗೆಯಲ್ಲಿ ಕಾಲಿಗೆ ತಂಪು ಕೊಡುವ ಆ ಕಲ್ಲನ್ನು ಕಿತ್ತು ಟೈಲ್ಸ್ ಹಾಕಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದರ ಸಂದಿ ಅಗಲ, ತುಂಬಿರುವುದು ಸಿಮೆಂಟ್ ಮತ್ತು ಉಸುಕು. ಇಲ್ಲಿ ಯಾವ ಆಮ್ಲವೂ ಬೇಡ, ನಿಂಬೆ ಇರುವ ನೆಲ ತೊಳೆಯುವ ದ್ರವವೂ ಬೇಡ. ಸೋಪಿನ ನೀರು, ನೈಲಾನ್ ಬ್ರಷ್, ಶುದ್ಧ ನೀರು. ಹುಣಸೆಹಣ್ಣಿನಲ್ಲಿ ಹಿತ್ತಾಳೆ ಸಾಮಾನು ತಿಕ್ಕುವುದಿದ್ದರೆ ಫರಸಿಯ ಮೇಲೆ ಕೂತು ತಿಕ್ಕಬೇಡಿ, ಕೆಳಗೆ ಪರಾತ ಇಟ್ಟುಕೊಳ್ಳಿ.

ಸಂದಿ ಬಿರಿದರೆ

ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ನೋಡಿದ್ದೀರಿ. ಪಾಯ ಸಾಕಷ್ಟು ಆಳಕ್ಕೆ ಹೋಗದ ಮನೆಗಳಲ್ಲಿ ಅದೇ ಅಲುಗಾಟ ನೆಲದ ಸಂದಿಗೂ ಬರುತ್ತದೆ. ಬಿರುಕು ಕಂಡ ಕಡೆ ನಾಣ್ಯದಿಂದ ಟೈಲ್ಸ್ ತಟ್ಟಿ. ಗಟ್ಟಿ ಸದ್ದು ಬಂದರೆ ಸಂದಿ ತುಂಬಿದರೆ ಸಾಕು. ಟೊಳ್ಳು ಸದ್ದು ಬಂದರೆ ಟೈಲ್ಸ್ ಕೆಳಗಿನ ಹಿಡಿತ ಬಿಟ್ಟಿದೆ. ಆಗ ಸಂದಿ ತುಂಬಿ ಪ್ರಯೋಜನವಿಲ್ಲ, ಗೌಂಡಿಯನ್ನು ಕರೆಸಿ.

ಹೊಸದಾಗಿ ತುಂಬುವುದು ಹೀಗೆ. ಗ್ರೌಟ್ ಕೆರೆಯುವ ಗರಗಸದಂಥ ಕೈಯುಪಕರಣ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಲಬುರಗಿಯಲ್ಲಾದರೆ ಸೂಪರ್ ಮಾರ್ಕೆಟ್ ಪ್ರದೇಶದ ಎರಡು ಮೂರು ಅಂಗಡಿ ಕೇಳಿ ನೋಡಿ. ಹಳೆಯದನ್ನು ಟೈಲ್ಸ್ ದಪ್ಪದ ಮೂರನೇ ಎರಡು ಭಾಗದಷ್ಟು ಆಳಕ್ಕೆ ತೆಗೆಯಿರಿ. ಮೇಲೆ ತೆಳ್ಳಗೆ ಬಳಿದರೆ ತಿಂಗಳೊಳಗೆ ಹಪ್ಪಳದಂತೆ ಏಳುತ್ತದೆ. ಧೂಳು ಪೂರ್ತಿ ತೆಗೆದು, ಸಂದಿಯನ್ನು ಒದ್ದೆ ಸ್ಪಂಜಿನಿಂದ ತೇವ ಮಾಡಿ. ನೀರು ನಿಂತಿರಬಾರದು.

ಸಂದಿ 3 ಮಿಲಿಮೀಟರ್‌ಗಿಂತ ಕಿರಿದಾಗಿದ್ದರೆ ಉಸುಕಿಲ್ಲದ ನುಣ್ಣನೆಯ ಗ್ರೌಟ್, ಅಗಲವಿದ್ದರೆ ಉಸುಕು ಬೆರೆತದ್ದು. ಒಂದು ಅಂದಾಜು ಹೇಳುತ್ತೇನೆ. ಒಂದಡಿ ಚೌಕದ, 8 ಮಿಲಿಮೀಟರ್ ದಪ್ಪದ ಟೈಲ್ಸ್‌ಗೆ 3 ಮಿಲಿಮೀಟರ್ ಸಂದಿ ಇದ್ದರೆ 100 ಚದರ ಅಡಿಗೆ ಸುಮಾರು ಎರಡೂವರೆ ಕಿಲೋ ಬೇಕು. ಎರಡಡಿ ಟೈಲ್ಸ್ ಆದರೆ ಸುಮಾರು ಒಂದೂಕಾಲು ಕಿಲೋ ಸಾಕು.

ಚೀಲದ ಮೇಲೆ ಹೇಳಿದಷ್ಟೇ ನೀರು ಅಳೆದು ಹಾಕಿ. ನೀರು ಜಾಸ್ತಿಯಾದರೆ ಆರಿದ ಮೇಲೆ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ, ಬಿರಿಯುತ್ತದೆ. ಇದಕ್ಕೆ ಆದಷ್ಟೂ ನಲ್ಲಿ ನೀರೇ ಇರಲಿ. ಉಪ್ಪು ಜಾಸ್ತಿ ಇರುವ ಬೋರ್ ನೀರಿನಲ್ಲಿ ಕಲಸಿದರೆ ಬಿಳಿ ಉಪ್ಪು ಮೇಲೆ ಬರುತ್ತದೆ. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ರಬ್ಬರ್ ಪಟ್ಟಿಯನ್ನು ಸಂದಿಗೆ ಓರೆಯಾಗಿ ಹಿಡಿದು ಒತ್ತಿ ತುಂಬಿ. ಅರ್ಧ ಗಂಟೆಯ ಹೊತ್ತಿಗೆ ಮೇಲೆ ಮಂಜು ಕವಿದಂತೆ ಕಾಣುತ್ತದೆ. ಆಗ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಓರೆಯಾಗಿ ಒರೆಸಿ.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಈ ಕೆಲಸ ಬೇಡವೇ ಬೇಡ. ಉಷ್ಣಾಂಶ 42 ಡಿಗ್ರಿ ದಾಟಿದ ದಿನ ಗ್ರೌಟ್ ಗಟ್ಟಿಯಾಗುವ ಮೊದಲೇ ಅದರ ನೀರು ಆರಿಬಿಡುತ್ತದೆ, ಮುಟ್ಟಿದರೆ ಪುಡಿ. ಮಾಡಲೇಬೇಕಾದರೆ ಬೆಳಗಿನ ಜಾವ ಮಾಡಿ, ಫ್ಯಾನ್ ಬೇಡ. ಗಟ್ಟಿಯಾದ ಮೇಲೆ ಎರಡು ಮೂರು ದಿನ ದಿನಕ್ಕೆರಡು ಸಲ ನೀರು ಚಿಮುಕಿಸಿ. 24 ಗಂಟೆ ಯಾರೂ ತುಳಿಯಬಾರದು. ಬಚ್ಚಲಾದರೆ ಮೂರು ದಿನ ಸ್ನಾನಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಬಚ್ಚಲಿಗೆ ಎಪಾಕ್ಸಿ ಗ್ರೌಟ್ (ಸಿಮೆಂಟ್ ಬದಲು ರಾಳದಿಂದ ಮಾಡಿದ್ದು) ಹಾಕಿಸಿದರೆ ಖರ್ಚು ಜಾಸ್ತಿ, ಆದರೆ ಅದು ನೀರು ಹೀರುವುದಿಲ್ಲ, ಕಲೆಯೂ ಸುಲಭವಾಗಿ ಹಿಡಿಯುವುದಿಲ್ಲ. ಅನುಭವ ಇರುವ ಕೈಗೇ ಕೊಡಿ. ಸೆಕೆಗೆ ಅದು ಬಹಳ ಬೇಗ ಬಿಗಿಯುತ್ತದೆ, ಟೈಲ್ಸ್ ಮೇಲೆ ಉಳಿದರೆ ಆಮೇಲೆ ತೆಗೆಯುವುದು ತುಂಬ ಕಷ್ಟ.

ನೆಲ ಗೋಡೆ ಸೇರುವ ಮೂಲೆಗೆ, ಸಿಂಕ್ ಸುತ್ತ, ಕಮೋಡ್ ಬುಡಕ್ಕೆ ಗ್ರೌಟ್ ತುಂಬಬೇಡಿ. ಅಲ್ಲಿ ಅಲುಗಾಟ ಇರುತ್ತದೆ. ಬೂಷ್ಟು ತಡೆಯುವ, ರಬ್ಬರಿನಂತೆ ಬಾಗುವ ಬಚ್ಚಲಿನ ಸಿಲಿಕೋನ್ ಹಾಕಿ. ನಮ್ಮ ಮನೆಯ ಗೋಡೆಗೆ ತೇವ ಬಂದದ್ದು ಹೆಚ್ಚಾಗಿ ಆ ಮೂಲೆಯಿಂದಲೇ.

ಸೀಲರ್ ಮತ್ತು ನಿತ್ಯದ ಕೆಲಸ

ಸಿಮೆಂಟ್ ಗ್ರೌಟ್ ಪೂರ್ತಿ ಒಣಗಿದ ಮೇಲೆ ಒಳಗೆ ಇಂಗುವ ಸೀಲರ್, ಅಂದರೆ ನೀರು, ಕೊಳೆ ಇಳಿಯದಂತೆ ತಡೆಯುವ ದ್ರವ, ಹಚ್ಚಿ. ಹೊಸ ಗ್ರೌಟ್‌ಗೆ ಕನಿಷ್ಠ ಮೂರು ದಿನ ಕಾಯಿರಿ, ಡಬ್ಬಿಯಲ್ಲಿ ಇನ್ನೂ ಜಾಸ್ತಿ ದಿನ ಹೇಳಿದ್ದರೆ ಅಷ್ಟು ದಿನ. ಸಣ್ಣ ಬ್ರಷ್‌ನಿಂದ ಸಂದಿಗೆ ಹಚ್ಚಿ, ಟೈಲ್ಸ್ ಮೇಲೆ ಬಿದ್ದದ್ದನ್ನು ಐದು ಹತ್ತು ನಿಮಿಷದೊಳಗೆ ಒರೆಸಿ. ಸೀಲರ್ ಇನ್ನೂ ಇದೆಯಾ ಎಂದು ತಿಳಿಯಲು ಒಂದು ಹನಿ ನೀರು ಬಿಡಿ. ಮುತ್ತಿನಂತೆ ನಿಂತರೆ ಇದೆ. ಇಂಗಿ ಸಂದಿ ಕಪ್ಪಾದರೆ ಮತ್ತೆ ಹಚ್ಚುವ ಕಾಲ ಬಂತು. ನಮ್ಮ ಬಚ್ಚಲಿಗೆ ವರ್ಷಕ್ಕೊಮ್ಮೆ, ಪಡಸಾಲೆಗೆ ಎರಡು ವರ್ಷಕ್ಕೊಮ್ಮೆ ಬೇಕಾಗುತ್ತಿದೆ. ಎಪಾಕ್ಸಿಗೆ ಸೀಲರ್ ಬೇಕಿಲ್ಲ.

ದಿನಾ ನೆಲ ಒರೆಸುವಾಗ ಬಕೆಟ್ ನೀರು ಬದಲಿಸುತ್ತಿರಿ. ಒಂದೇ ನೀರಿನಲ್ಲಿ ಇಡೀ ಮನೆ ಒರೆಸಿದರೆ ಬಚ್ಚಲ ಬಳಿಯ ಕೊಳೆ ಪಡಸಾಲೆಯ ಸಂದಿ ಸೇರುತ್ತದೆ. ಫಿನೈಲ್ ಕಡಿಮೆ ಹಾಕಿ. ಬೋರ್ ನೀರಿನಲ್ಲಿ ಒರೆಸಿದ ದಿನ ಕೊನೆಗೆ ಒಣ ಅರಿವೆ ಒಮ್ಮೆ ಎಳೆಯಿರಿ.

ಉಳಿದ ಗ್ರೌಟ್ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಕಂಪನಿ ಹೆಸರು, ಬಣ್ಣದ ಸಂಖ್ಯೆ, ತಂದ ತಿಂಗಳು ಬರೆದ ಚೀಟಿ ಅಂಟಿಸಿಡಿ. ಪುಡಿ ಗಂಟು ಕಟ್ಟಿದ್ದರೆ ಎಸೆದುಬಿಡಿ, ಚೀಟಿ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಒಂದು ಮೂಲೆ ಬಿರಿದಾಗ ಅದೇ ಬಣ್ಣ ತರಲು ಅಂಗಡಿಯವರಿಗೆ ತೋರಿಸಬೇಕಾದದ್ದು ಆ ಚೀಟಿಯೇ.